ಬೇಲಿಗೆ ಸಿಕ್ಕಿಸಿದ ಕೈಗವಸುಗಳು

ಗೋಥೆನ್‌ಬರ್ಗಿನಲ್ಲಿ ನನ್ನನ್ನು ಮೊಟ್ಟಮೊದಲು ಮುಟ್ಟಿದ ಅಪರಿಚಿತ ಹೆಂಗಸು ನನ್ನ ಕೊರಳಿನ ಮಫ್ಲರ್ ಹಿಡಿದೆಳೆದು ನೆಲಕ್ಕೆ ಕೆಡವಿದಳು. ಆ ಚಳಿಗಾಲವಿಡೀ ಟ್ರಾಮಿನಲ್ಲಿ ಯಾರ ಭುಜವೂ ನನ್ನ ಭುಜಕ್ಕೆ ತಾಗಿರಲಿಲ್ಲ. ಪಕ್ಕದ ಸೀಟು ಖಾಲಿಯಿದ್ದರೂ ಜನ ನಿಂತೇ ಹೋಗುತ್ತಿದ್ದರು.

ನಾನು ಬಂದದ್ದು ಬಟ್ಟೆಯ ಮೇಲೆ ಅಚ್ಚು ಹಾಕುವ ವಿನ್ಯಾಸ ಕಲಿಯಲು. ವರ್ಷದ ಕೊನೆಯ ಕೆಲಸಕ್ಕೆ ಶಿಕ್ಷಕಿ ಹಾಕಿದ ಷರತ್ತು ಒಂದೇ: ವಿನ್ಯಾಸ ಬೀದಿಯಿಂದ ಬರಬೇಕು. ಬೆಂಗಳೂರಿನಲ್ಲಿ ನಾನು ಚಿಕ್ಕಪೇಟೆಯ ಬಳೆಚೂರು, ತಂತಿಗೆ ಸಿಕ್ಕಿದ ಗಾಳಿಪಟದ ಬಾಲ, ಹೂವಿನವಳು ಬಿಟ್ಟುಹೋದ ಬಾಳೆನಾರು ಎಲ್ಲವನ್ನೂ ಹೆಕ್ಕಿ ತರುತ್ತಿದ್ದೆ. ಇಲ್ಲಿಯ ಬೀದಿ ತೊಳೆದಿಟ್ಟಂತೆ ಖಾಲಿ. ಕಂಡದ್ದು ಒಂಟಿ ಕೈಗವಸುಗಳು ಮಾತ್ರ. ಬೇಲಿಯ ಸರಳಿನಲ್ಲಿ, ಪೊದೆಯ ಕೊಂಬೆಯಲ್ಲಿ, ಕಡಿದು ನೆಟ್ಟ ಕೈಗಳ ಹಾಗೆ ನಿಂತಿರುತ್ತಿದ್ದವು. ಒಂದೊಂದಾಗಿ ತಂದು ಕೋಣೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ.

ಆ ಬೆಳಿಗ್ಗೆ ಟ್ರಾಮ್ ನಿಲ್ದಾಣದ ಬೇಲಿಯಿಂದ ಕೆಂಪು ಉಣ್ಣೆಯದೊಂದನ್ನು ತೆಗೆದು ಚೀಲಕ್ಕೆ ಹಾಕುತ್ತಿದ್ದೆ. ಹಿಂದಿನಿಂದ ಕಿರುಚಾಟ, ಅದರ ಬೆನ್ನಿಗೇ ಮಫ್ಲರ್ ಬಿಗಿದು ಉಸಿರು ಕಟ್ಟಿತು. ಅರವತ್ತರ ಹೆಂಗಸು. ಇಬ್ಬರೂ ಮಂಜುಗಡ್ಡೆಯ ಮೇಲೆ ಬಿದ್ದೆವು. ಆಕೆ ನನ್ನ ಬೆರಳುಗಳನ್ನು ಹಿಂದಕ್ಕೆ ತಿರುಚಿದಳು. ನನ್ನ ಕಪ್ಪು ಕೈಗವಸು ಕಳಚಿ ಅವಳ ಕೈಗೆ ಹೋಯಿತು. ನಾನು ಮೊಣಕೈಯಿಂದ ಮೂಗಿಗೆ ಗುದ್ದಿದೆ. ಹಿಮದ ಮೇಲೆ ರಕ್ತ ಹನಿಯಿತು. ಯಾರ ಮೇಲೂ ಕೈಯೆತ್ತಿ ಗೊತ್ತಿಲ್ಲದ ನನಗೆ ಭಯಕ್ಕಿಂತ ಮೊದಲು ತಿಳಿದದ್ದು ಆಕೆಯ ಮೈಯ ಬಿಸಿ. ಇನ್ನೊಮ್ಮೆ ಗುದ್ದಬೇಕೆನಿಸಿತು. ಗುದ್ದಿದೆ. ಚೀಲ ಎತ್ತಿಕೊಂಡು ಓಡಿದೆ.

ಮನೆಯಲ್ಲಿ ಜೊತೆಗಿದ್ದವಳು ಶ್ರೇಯಾ. ಹಾಸನದವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ನಡೆದದ್ದನ್ನು ಹೇಳಿ, ಬೆರಳಿಗೆ ಪಟ್ಟಿ ಸುತ್ತಲು ಅವಳನ್ನು ಮೊದಲ ಬಾರಿಗೆ ನನ್ನ ಕೋಣೆಯೊಳಗೆ ಬಿಟ್ಟೆ. ಗೋಡೆ ನೋಡಿ ನಿಂತುಬಿಟ್ಟಳು.

"ಅಯ್ಯೋ ಅಕ್ಕಾ! ಇದೆಲ್ಲ ನೀವೇ ತಂದಿದ್ದಾ?"

"ಬಿದ್ದಿದ್ವು ಕಣೇ."

"ಬಿದ್ದಿದ್ದಲ್ಲ, ಇಟ್ಟಿದ್ದು! ಕಳ್ಕೊಂಡೋರು ಅದೇ ದಾರೀಲಿ ವಾಪಸ್ ಬರ್ತಾರಲ್ಲ, ಕಣ್ಣಿಗೆ ಬೀಳ್ಲಿ ಅಂತ ಯಾರಾದ್ರೂ ಎತ್ತಿ ಸಿಕ್ಕಿಸ್ತಾರೆ. ಡಾಗಿಸ್ ಮಕ್ಳಿಗೂ ಗೊತ್ತು." ಡಾಗಿಸ್ ಎಂದರೆ ಇಲ್ಲಿಯ ಶಿಶುವಿಹಾರ.

"ನಮ್ಮೂರಲ್ಲಿ ಒಂಟಿ ಚಪ್ಪಲಿ ಹುಡುಕ್ಕೊಂಡು ಯಾರೇ ಬರ್ತಾರೆ?"

"ಇಲ್ಲಿ ಬರ್ತಾರೆ. ಬಂದ್ರಲ್ಲ, ಮೂಗು ಒಡೆಸ್ಕೊಂಡು ಹೋದ್ರಲ್ಲ!"

ಕೆಲಸ ಒಪ್ಪಿಸಲು ಒಂದು ವಾರವೂ ಉಳಿದಿರಲಿಲ್ಲ. ಗೋಡೆ ಖಾಲಿಯಾದರೆ ನನ್ನ ವರ್ಷವೂ ಖಾಲಿ. ಆದರೂ ಮೊಳೆಗಳಿಂದ ಎಲ್ಲವನ್ನೂ ಕಿತ್ತೆ. ತಂದ ಜಾಗಗಳಿಗೇ ಹೋಗಿ ಸಿಕ್ಕಿಸುತ್ತ ಬಂದೆವು. ಕೊನೆಯದು ಕೆಂಪು. ಆ ಸರಳಿನ ಮೇಲೆ ಆಗಲೇ ಒಂದಿತ್ತು: ನನ್ನ ಕಪ್ಪು ಕೈಗವಸು, ಬೆರಳು ಮೇಲೆ ಮಾಡಿ, ಮಣಿಕಟ್ಟಿನಲ್ಲಿ ಒಣಗಿದ ರಕ್ತ. ಅಷ್ಟು ಗುದ್ದು ತಿಂದ ಮೇಲೂ ಆಕೆ ಅದನ್ನು ನನಗೆಂದು ಇಟ್ಟುಹೋಗಿದ್ದಳು. ಕೆಂಪನ್ನು ಪಕ್ಕದ ಸರಳಿಗೆ ಸಿಕ್ಕಿಸಿದೆ. ಮರುದಿನ ಅದಿರಲಿಲ್ಲ. ನಾನು ಅಚ್ಚು ಹಾಕಿ ಒಪ್ಪಿಸಿದ್ದು ಒಂದನ್ನೊಂದು ತಿರುಚುತ್ತಿರುವ ಎರಡು ಕೈಗಳನ್ನು. ಪಾಸಾದೆ.

ಬೇಸಿಗೆ ರಜೆಗೆ ಬೆಂಗಳೂರಿಗೆ ಬಂದಾಗ ಬಸ್ ಸ್ಟಾಪಿನಲ್ಲಿ ಯಾವುದೋ ಮಗುವಿನ ಒಂಟಿ ಚಪ್ಪಲಿ ಬಿದ್ದಿತ್ತು. ಎತ್ತಿ ಕಂಬಿಗೆ ಸಿಕ್ಕಿಸಿದೆ. ಅಮ್ಮ ಕೈ ಮೇಲೆ ರಪ್ಪನೆ ಬಾರಿಸಿದರು.

"ಥೂ! ಯಾರದ್ದೋ ಏನೋ, ಮುಟ್ತೀಯಲ್ಲೇ!"

ಪೆಟ್ಟು ಬಿದ್ದದ್ದು ಅದೇ ಬೆರಳುಗಳಿಗೆ. ಅಲ್ಲಿ ಎತ್ತಿಕೊಂಡದ್ದಕ್ಕೆ, ಇಲ್ಲಿ ಎತ್ತಿಟ್ಟದ್ದಕ್ಕೆ. ನಾವು ಹತ್ತಿದ ಬಸ್ಸು ಹೊರಟಿತು. ಚಪ್ಪಲಿಗೆ ಯಾರಾದರೂ ಬಂದರೇ ಎಂದು, ಉರಿಯುವ ಕೈಯನ್ನು ಒತ್ತಿಕೊಂಡು, ತಿರುವು ಬರುವವರೆಗೂ ಹಿಂದೆಯೇ ನೋಡುತ್ತಿದ್ದೆ.