ಹಲ್ಲಿಗಿಲ್ಲದ ಇಂಜೆಕ್ಷನ್

ಇವತ್ತು ಬೆಳಿಗ್ಗೆ ಚೇಳೂರಿನ ತೋಟದಲ್ಲಿ ನಮ್ಮ ಯಜಮಾನರ ಕಾಲಿಗೆ ಮುಳ್ಳುತಂತಿ ಗೀರಿತು. ಮನೆಗೆ ಬಂದವರ ಗಾಯ ಒರೆಸಲೆಂದು ಅಯೋಡಿನ್ ಬಾಟಲಿಯ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಗುಬ್ಬಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬಯಾಲಜಿ ಮೇಷ್ಟ್ರು ನೆನಪಾದರು. ಜೊತೆಗೆ ಹಳೆಯ ಸಿಟ್ಟೂ ಬಂತು.

ಹೈಸ್ಕೂಲಿನಲ್ಲಿ ನನಗೂ ಪಾಠ ಹೇಳಿದವರು ಅವರು. ಹಲ್ಲಿ ಲೊಚಗುಟ್ಟಿದಾಗ ನಾವು ಡೆಸ್ಕ್ ಕುಟ್ಟಿ 'ಸತ್ಯ' ಎಂದರೆ ಕೆಂಡವಾಗುತ್ತಿದ್ದರು. ನಿವೃತ್ತರಾದ ಮೇಲೆ ಅದೇನು ಹಿಡಿಯಿತೋ… ಜಗಲಿಯಲ್ಲಿ ಕೂತರೆ ಹಲ್ಲಿಗಳದೇ ಧ್ಯಾನ. ಬಾಲ ಕಳಚಿಕೊಂಡ ಹಲ್ಲಿ ಧೂಳಿನಲ್ಲೇ ಓಡಾಡಿದರೂ ಗಾಯ ಕೀವಾಗುವುದು ಅಪರೂಪವಂತೆ. ಅದರ ಮೈಯಲ್ಲಿ ಹುಟ್ಟಿನಿಂದಲೇ ಪುಟ್ಟ ಪುಟ್ಟ ಪ್ರೋಟೀನುಗಳಿದ್ದು, ಅವು ಬ್ಯಾಕ್ಟೀರಿಯಾದ ಹೊರಪೊರೆಗೇ ತೂತು ಕೊರೆಯುತ್ತವಂತೆ. ಮಾರ್ಕೋನಹಳ್ಳಿ ಡ್ಯಾಮಿನಲ್ಲಿ ಚಿಪ್ಪು ಸೀಳಿದ ಆಮೆಯೊಂದು ಕೆಸರಿನಲ್ಲೇ ಚೇತರಿಸಿಕೊಂಡ ಕಥೆಯನ್ನಂತೂ ಕೇಳಿ ಕೇಳಿ ಸಾಕಾಗಿ ಹೋಗಿತ್ತು.

ಪಾಠವೇನೂ ತಪ್ಪಲ್ಲ. ಅದನ್ನು ತಮ್ಮ ಕಾಲಿಗೆ ಹಚ್ಚಿಕೊಂಡರಲ್ಲ, ಅದು ತಪ್ಪು. ಸಕ್ಕರೆ ಕಾಯಿಲೆಯ ಮನುಷ್ಯ, ಚಪ್ಪಲಿ ಕಚ್ಚಿ ಹೆಬ್ಬೆರಳು ಹುಣ್ಣಾಯಿತು. ನಾನು ದಿನಾ ಅಯೋಡಿನ್ ಹಿಡಿದು ಹೋಗುವುದು, ಅವರು ಕಾಲು ಎಳೆದುಕೊಳ್ಳುವುದು. ತುಮಕೂರಿಗೆ ಹೋಗೋಣವೆಂದು ಗೋಗರೆದೆ, ಜಗಳವಾಡಿದೆ, ಆಟೋ ತರಿಸಿದೆ. ಪುಣ್ಯಾತ್ಮರು ಆಟೋದವನಿಗೆ ಕಾಫಿ ಕುಡಿಸಿ ವಾಪಸ್ ಕಳಿಸಿದರು.

"ಹಲ್ಲಿಗೆ ಯಾವ್ ಡಾಕ್ಟ್ರು ಇಂಜೆಕ್ಷನ್ ಕೊಡ್ತಾರೆ ಕಣಮ್ಮ? ತಾನಾಗೇ ಮಾಯ್ತದೆ, ಬುಡು."

ಅದೇ ಹೊತ್ತಿಗೆ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಬೇಕೇ! ಜನ್ಮವಿಡೀ ನಮ್ಮನ್ನು ಬೈದಿದ್ದ ಮೇಷ್ಟ್ರು ಕುರ್ಚಿಯ ಕೈ ಕುಟ್ಟಿ, ಸತ್ಯ ಎಂದು ನಕ್ಕರು.

"ನೀವೇನ್ ಹಲ್ಲಿನಾ ಸಾರ್?" ಎಂದೆ. ಅವರು ಕಾಲನ್ನು ಪಂಚೆಯೊಳಗೆ ಎಳೆದುಕೊಂಡರು. ಈ ಮಾತಿಗೆ ಮಾತ್ರ ಹಲ್ಲಿ ಲೊಚಗುಟ್ಟಲಿಲ್ಲ.

ಕೊನೆಗೆ ಜ್ವರ ಏರಿ ಮಾತು ತೊದಲತೊಡಗಿದಾಗ, ಬೇಡವೆನ್ನಲು ಅವರಲ್ಲಿ ತ್ರಾಣವಿರಲಿಲ್ಲ. ಹೊತ್ತು ಆಟೋಗೆ ಹಾಕಿಕೊಂಡು ತುಮಕೂರಿಗೆ ಹೋದೆವು. ಶಿರಾ ಗೇಟಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಅವರ ಸುಡುವ ಕೈ ಹಿಡಿದು, ಮನಸ್ಸಿನಲ್ಲೇ ಅವರನ್ನು ಬೈಯುತ್ತಿದ್ದೆ. ಆಸ್ಪತ್ರೆಯಲ್ಲಿ ಬೆರಳು ತೆಗೆಯಲೇಬೇಕು ಎಂದರು. ಮೇಷ್ಟ್ರು ನನ್ನ ಕಡೆ ತಿರುಗಿ, "ನಂದು ಮತ್ತೆ ಬೆಳೆಯಲ್ಲ ಕಣಮ್ಮ" ಎಂದರು.

ಬೆರಳು ಹೋಯಿತು. ಅಷ್ಟರಲ್ಲಿ ನಂಜು ರಕ್ತಕ್ಕೇರಿತ್ತು… ಅವರೂ ಉಳಿಯಲಿಲ್ಲ.

ಇವತ್ತು ನಮ್ಮ ಯಜಮಾನರೂ ಕಾಲು ಎಳೆದುಕೊಂಡರು. ಇಷ್ಟಕ್ಕೆಲ್ಲ ಆಸ್ಪತ್ರೆ ಯಾಕೆ, ತಾನಾಗೇ ಮಾಯುತ್ತದೆ ಎಂದು ಅದೇ ರಾಗ.

"ನೀವೇನ್ ಹಲ್ಲಿನಾ?" ಬಾಯಿಂದ ಬಂದೇಬಿಟ್ಟಿತು.

ಟ್ಯೂಬ್‌ಲೈಟಿನ ಹಿಂದೆ ಹಲ್ಲಿ ಲೊಚಗುಟ್ಟಿತು. ಯಜಮಾನರು ಅಭ್ಯಾಸಬಲದಿಂದ ನೆಲ ಕುಟ್ಟಿ 'ಸತ್ಯ' ಎಂದವರೇ ಪೆಚ್ಚಾಗಿ, ಆಸ್ಪತ್ರೆಗೆಂದು ಅಂಗಿ ಹಾಕಿಕೊಳ್ಳಲು ಎದ್ದರು. ನನಗೆ ನಗು ಬರಲಿಲ್ಲ. ಹಾಳಾದ್ದು, ಅವತ್ತು ನಾನು ಇದೇ ಮಾತನ್ನಾಡಿದಾಗ ಒಂದು ಸಲ ಲೊಚಗುಟ್ಟಿದ್ದರೆ ಅದರ ಗಂಟೇನು ಹೋಗುತ್ತಿತ್ತು?