ಹಾವಾಡಿಗನ ಕುರ್ಚಿ

ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಅವನನ್ನು ಎಲ್ಲರೂ ಹಾವಾಡಿಗ ಎನ್ನುತ್ತಿದ್ದರು. ಹಾಡುವವರ ಬಾಯಿಂದ 'ಸ', 'ಶ' ಬಂದಾಗಲೆಲ್ಲ ಮೈಕಿನಲ್ಲಿ ಅದು ಬುಸುಗುಟ್ಟುತ್ತದೆ. ಆ ಬುಸ್ಸನ್ನು ಪಳಗಿಸುವುದು ಅವನ ಕೆಲಸ. ಅದಕ್ಕೆ ಯಂತ್ರವಿದೆ. ಎಲ್ಲವನ್ನೂ ಯಂತ್ರಕ್ಕೆ ಬಿಟ್ಟರೆ ಹಾಡುವವರು ತೊದಲಿದಂತೆ ಕೇಳುತ್ತದೆಂದು ಅವನು ಮೂವತ್ತು ವರ್ಷ ಒಂದೊಂದು ಸಕಾರವನ್ನೂ ಕೈಯಿಂದಲೇ ತಗ್ಗಿಸುತ್ತ ಬಂದಿದ್ದ. ಎಷ್ಟು ತಗ್ಗಿಸಬೇಕೆಂದು ಅವನ ಕಿವಿ ಹೇಳುತ್ತಿತ್ತು. ಬೇರೆ ಯಾರ ಮಾತನ್ನೂ ಅವನು ಕೇಳಿದವನಲ್ಲ. ಈಚೆಗೆ ಎಲ್ಲರ ದನಿಯೂ ಮಂಕಾಗಿ ಕೇಳತೊಡಗಿದಾಗ ಸ್ಪೀಕರುಗಳನ್ನು ಬೈದು, ದನಿಗಳ ಚೂಪು ಹೆಚ್ಚಿಸಿ ಇನ್ನಷ್ಟು ಹೊಳಪು ಏರಿಸಿದ.

ಆ ಮಧ್ಯಾಹ್ನ ಅವನ ಮುಂದಿದ್ದದ್ದು ತಂಗಿಯ ಮಗಳ ಮೊದಲ ಹಾಡು. ಅವಳು ಹಿಂದಿನ ಸೋಫಾದಲ್ಲಿ ಕಾಲು ಮಡಚಿ ಕೂತಿದ್ದಳು.

"ಯಾಕೆ, ಹರಳೆಣ್ಣೆ ಕುಡಿದವಳ ಹಾಗೆ ಮುಖ ಮಾಡಿದ್ದೀಯ?"

"ಸ ಬಂದಾಗ ಸ್ವಲ್ಪ ಚುಚ್ಚುತ್ತೆ, ಮಾಮ."

"ನಿನ್ನ ಹಾಲುಹಲ್ಲು ಬೀಳೋಕೆ ಮೊದಲೇ ಈ ಕುರ್ಚೀಲಿ ಕೂತವನು ನಾನು. ನನಗೇ ಹೇಳಿಕೊಡು."

"ಅದಕ್ಕೇ ಸುಮ್ಮನಿದ್ದೆ." ಅವಳು ತಡೆದು ಹೇಳಿದಳು. "ಹೋದ ತಿಂಗಳು ನೀನು ಮಾಡಿದ ಎರಡು ಹಾಡು ವಾಪಸ್ ಬಂತು. ಅಪ್ಪ ಹೊರಗೆ ಕೊಟ್ಟು ಸರಿಮಾಡಿಸಿದ್ರು."

ಸ್ಟುಡಿಯೋ ಅವಳಪ್ಪನದು. ಹಾವಾಡಿಗ ಯಂತ್ರಕ್ಕೆ ಕೈ ಹಾಕಿದ. ಯಂತ್ರದಲ್ಲೊಂದು ಗುಂಡಿಯಿದೆ, ಒತ್ತಿದರೆ ಹಾಡೆಲ್ಲ ಹೋಗಿ ಸಕಾರದ ಚೂಪು ಮಾತ್ರ ಉಳಿಯುತ್ತದೆ. ಅದನ್ನು ಒತ್ತಿದ. ಏನೂ ಕೇಳಿಸಲಿಲ್ಲ. ದನಿ ಏರಿಸಿದ. ಮತ್ತೂ ಏರಿಸಿದ.

"ವೈರು ಸಡಿಲ ಆಗಿದೆ ಅನ್ಸುತ್ತೆ. ಏನೂ ಬರ್ತಿಲ್ಲ" ಎನ್ನುತ್ತ ತಿರುಗಿದ.

ಅವಳು ಎರಡು ಕಿವಿಗೂ ಬೆರಳಿಟ್ಟು ಮುದುರಿದ್ದಳು. ಕಣ್ಣಲ್ಲಿ ನೀರಿತ್ತು. "ನಿಲ್ಸು ಮಾಮ."

ನಿಲ್ಲಿಸಿದ.

"ಅಪ್ಪನಿಗೆ ಹೇಳಲ್ಲ" ಎಂದಳು.

"ನಿಮ್ಮಪ್ಪನಿಗೆ ಗೊತ್ತು. ಗೊತ್ತಿಲ್ಲದೆ ಇದ್ದವನು ನಾನೊಬ್ಬನೇ."

ಸೋಫಾದಿಂದ ಅವಳನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡ. ಚುಚ್ಚಿದಲ್ಲಿ ಅವಳು ಬೆರಳೆತ್ತಬೇಕು; ಇವನು ಪರದೆಯಲ್ಲಿ ಆ ಸಕಾರವನ್ನು ಹುಡುಕಿ ತಗ್ಗಿಸಬೇಕು. ಕೈ ಇನ್ನೂ ಪಳಗಿದ ಕೈಯೇ. ಪ್ರತಿಯೊಂದಕ್ಕೂ "ಸಾಕಾ?" ಎಂದು ಕೇಳಿದ. ಅವಳು "ಇನ್ನೂ ಒಂಚೂರು" ಎಂದರೆ ಇನ್ನೂ ಒಂಚೂರು. ನಲವತ್ತೊಂದು ಸಕಾರ ಮುಗಿಯುವಾಗ ಸಂಜೆಯಾಯಿತು.

ಕುರ್ಚಿಯ ಮೇಲಿದ್ದ ತನ್ನ ಹಳೆಯ ದಿಂಬನ್ನು ಕೊಡವಿ ಕಂಕುಳಲ್ಲಿ ಇಟ್ಟುಕೊಂಡ.

"ಪೂರ್ತಿ ಒಂದ್ಸಲ ಕೇಳಲ್ವಾ, ಮಾಮ?"

"ನೀನು ಕೇಳಿದ್ದೀಯಲ್ಲ" ಎಂದು ಅವನು ಬಾಗಿಲು ಎಳೆದುಕೊಂಡ.