ಮೊದಲ ಜೋಡಿಯಾಗಲು ಹೊರಟ ಕ್ಷೌರಿಕ

ಕ್ಷೌರದಂಗಡಿಯ ಒಡೆಯನನ್ನು ಬೀದಿಯವರೆಲ್ಲ ಕತ್ತರಿ ಮಾಮ ಎನ್ನುತ್ತಿದ್ದರು. ಕೈಗಿಂತ ಬಾಯಿ ಚುರುಕು ಎಂದು ಗಿರಾಕಿಗಳು ನಗುತ್ತಿದ್ದರು. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಲೆಕ್ಕದ ಮೇಷ್ಟ್ರ ಜೊತೆ ಅವನ ಸಂಸಾರ, ಇಪ್ಪತ್ತಾರು ವರ್ಷದ್ದು. ಬೀದಿಗೆಲ್ಲ ಗೊತ್ತಿದ್ದದ್ದು ಸರ್ಕಾರಿ ಕಾಗದಕ್ಕೆ ಮಾತ್ರ ಗೊತ್ತಿರಲಿಲ್ಲ.

ಅದರ ಬಿಸಿ ತಟ್ಟಿದ್ದು ಮೂರು ವರ್ಷದ ಹಿಂದೆ. ಪಾಠ ಮಾಡುತ್ತಲೇ ಮೇಷ್ಟ್ರು ಎದೆ ಹಿಡಿದು ಕುಸಿದರು. ಮಾಮ ಏಪ್ರನ್ನಿನಲ್ಲೇ ಆಸ್ಪತ್ರೆಗೆ ಓಡಿದ. ಆಪರೇಷನ್ನಿಗೆ ಮನೆಯವರ ಸಹಿ ಬೇಕು, ನೀವು ಯಾರು ಎಂದು ಕೇಳಿದರು. ಮೇಷ್ಟ್ರ ಅಕ್ಕ ಏಳು ಗಂಟೆಗಳ ರೈಲು ಪ್ರಯಾಣ ಮಾಡಿ ಬರುವವರೆಗೆ ಅವನು ಬಾಗಿಲ ಹೊರಗೇ ನಿಂತಿದ್ದ. ಯಾವ ಔಷಧಿ ಮೇಷ್ಟ್ರಿಗೆ ಒಗ್ಗದೆಂದು ಗೊತ್ತಿದ್ದವನು ಅವನೊಬ್ಬನೇ, ಕೇಳುವವರಿರಲಿಲ್ಲ. ಮೇಷ್ಟ್ರು ಬದುಕಿ ಬಂದರು. ಆ ಏಳು ಗಂಟೆ ಮಾತ್ರ ಮಾಮನ ಎದೆಯಿಂದ ಇಳಿಯಲಿಲ್ಲ.

ಹಾಗಾಗಿ, ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು ಮದುವೆಯಾಗುವ ಕಾನೂನು ಸೋಮವಾರದಿಂದ ಜಾರಿ ಎಂದು ರೇಡಿಯೊ ಹೇಳಿದ್ದೇ ತಡ, ಅರ್ಧ ಗಡ್ಡದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಮೆಟ್ಟಿಲು ಹಾರಿದ.

"ಮೇಷ್ಟ್ರೇ, ಸೋಮವಾರ ರಜೆ ಹಾಕಿ. ಕಚೇರಿಗೆ ನಾವೇ ಮೊದಲು ಹೋಗ್ಬೇಕು."

"ಇಷ್ಟು ವರ್ಷ ಕಾದಿದೀವಿ, ಹತ್ತು ಗಂಟೆಗೆ ಹೋದ್ರೆ ಆಗಲ್ವಾ?" ಎಂದರು ಮೇಷ್ಟ್ರು, ಉತ್ತರಪತ್ರಿಕೆ ತಿದ್ದುತ್ತ. ಅವರ ಪೆನ್ನು ಮಾತ್ರ ಸರಿಯುತ್ತರಕ್ಕೂ ತಪ್ಪು ಹಾಕಿತ್ತು.

ಸಾಕ್ಷಿಗೆಂದು ಅಕ್ಕ ಭಾನುವಾರವೇ ಬಂದಳು. ಮಾಮ ಮೇಷ್ಟ್ರ ಕೂದಲನ್ನು ಮೂರು ಸಲ ಕತ್ತರಿಸಿದ; ಇನ್ನೊಮ್ಮೆ ಮುಟ್ಟಿದರೆ ಬೋಳುತಲೆಯೇ ಗತಿ ಎಂದು ಅಕ್ಕ ಕತ್ತರಿ ಕಿತ್ತುಕೊಂಡಳು. ಸೋಮವಾರ ಏಳಕ್ಕೆಲ್ಲ ಮೂವರೂ ನೋಂದಣಿ ಕಚೇರಿ ತಲುಪಿದರು. ಆದರೆ ಬಾಗಿಲಲ್ಲಿ ಆಗಲೇ ಇಬ್ಬರು ಅಜ್ಜಿಯರು ಫ್ಲಾಸ್ಕಿನ ಚಹಾ ಕುಡಿಯುತ್ತ ಕೂತಿದ್ದರು. ಮಾಮ ಇಂಗು ತಿಂದ ಮಂಗನಂತಾದ. ಜೊತೆಗಿದ್ದು ಎಷ್ಟು ವರ್ಷವಾಯಿತೆಂದು ಕೇಳಿದ.

"ನಲವತ್ತೊಂದು," ಎಂದಳು ಬಿಳಿ ಜಡೆಯ ಅಜ್ಜಿ. "ಮನೆ ಇವಳ ಹೆಸರಲ್ಲಿದೆ ಕಣಪ್ಪ. ಇವಳಿಗೇನಾದ್ರೂ ಆದ್ರೆ ಇವಳ ತಮ್ಮನ ಮಕ್ಕಳು ನನ್ನನ್ನ ಹೊರಗೆ ಹಾಕ್ತಾರೆ. ಅದಕ್ಕೇ ಐದಕ್ಕೇ ಬಂದ್ವಿ."

ಮಾಮನ ಪೈಪೋಟಿಯ ಹುರುಪು ಅಲ್ಲೇ ಇಳಿಯಿತು. ಬಾಗಿಲು ತೆರೆದಾಗ ತಾನೇ ಕೈಹಿಡಿದು ಅವರನ್ನು ಒಳಗೆ ಬಿಟ್ಟ. ಅವರಿಗೆ ಒಬ್ಬ ಸಾಕ್ಷಿ ಕಡಿಮೆ ಬಿದ್ದಾಗ ಮುನ್ನುಗ್ಗಿ ಸಹಿ ಹಾಕಿದ.

ಆಮೇಲೆ ಇವರ ಸರದಿ. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದ ಮೇಷ್ಟ್ರು ತಮ್ಮ ಹೆಸರನ್ನೇ ತಪ್ಪು ಬರೆದು ಇನ್ನೊಂದು ಫಾರಂ ಕೇಳಿದರು. ಒಪ್ಪಿಗೆಯೇ ಎಂದಾಗ ಮಾತಿನಮಲ್ಲ ಮಾಮ ತಲೆಯಷ್ಟೇ ಆಡಿಸಿದ. ಬಾಯಿಬಿಟ್ಟು ಹೇಳಬೇಕು ಎಂದಳು ಅಧಿಕಾರಿ.

"ಒಪ್ಪಿಗೆ," ಎಂದ. ಅದು ಹೊರಗಿನ ಸಾಲಿನವರಿಗೂ ಕೇಳಿಸಿ ಚಪ್ಪಾಳೆ ಬಿತ್ತು.

ಆ ಸಾಲು ಈಗ ಗೇಟು ದಾಟಿ ರಸ್ತೆಗಿಳಿದಿತ್ತು. ಮನೆಗೆ ಹೋಗೋಣ ಎಂದು ಮೇಷ್ಟ್ರು ಎಷ್ಟು ಎಳೆದರೂ ಮಾಮ ಜಗ್ಗಲಿಲ್ಲ. ಮಧ್ಯಾಹ್ನದವರೆಗೆ ಸಾಲಿನುದ್ದಕ್ಕೂ ಓಡಾಡುತ್ತ, ಯಾವ ಕಾಗದ ಬೇಕು, ಎಲ್ಲಿ ಸಹಿ ಹಾಕಬೇಕು ಎಂದು ಒಬ್ಬೊಬ್ಬರಿಗೂ ವಿವರಿಸುತ್ತಲೇ ಇದ್ದ.